ಒಂದು ಕಡ್ಡಿ, ಎರಡು ರೆಕ್ಕೆ, ಹದಿಮೂರು ವರ್ಷ

ಈ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯಿತು. ಕೆಲಸದ ಒತ್ತಡ ಅಂತ ಸುಳ್ಳು ಹೇಳಬಹುದು, ಎಲ್ಲರೂ ಹೇಳುವುದೂ ಅದನ್ನೇ. ಆದರೆ ನಿಜವಾದ ಕಾರಣ ಮುಕ್ಕಾಲು ಕೆ.ಜಿ. ತೂಕದ ಒಂದು ಹೆಲಿಕಾಪ್ಟರ್. ನಗಬೇಡಿ :-)

ಆದದ್ದಿಷ್ಟು. ನಮ್ಮ ಟೀಮಿನಲ್ಲಿದ್ದ ಹಿರಿಯರೊಬ್ಬರು ಬೆಂಗಳೂರು ಸಾಕಾಗಿ ಊರಿಗೆ ಹೊರಟರು. ಹೋಗುವ ಮುಂಚಿನ ದಿನ ನನ್ನ ಮೇಜಿನ ಮೇಲೆ ಒಂದು ಥರ್ಮೋಕೋಲ್ ಡಬ್ಬ ಇಟ್ಟು, "ತಗೋ ಮಾರಾಯ, ಮನೇಲಿ ಇದನ್ನ ಗುಜರಿಯವನಿಗೆ ಕೊಡೋದಕ್ಕೆ ಮುಂಚೆ ನೀನಾದ್ರೂ ಇಟ್ಕೋ. ಹದಿನೈದು ವರ್ಷದ ಹಿಂದೆ ತಗೊಂಡಿದ್ದು. ಹಾರಿದ್ರೆ ಒಂದು ವಿಡಿಯೋ ಕಳಿಸು" ಅಂದರು. ಒಳಗೆ ರೇಡಿಯೋ ಕಂಟ್ರೋಲ್ ಹೆಲಿಕಾಪ್ಟರ್. ಹವ್ಯಾಸಿಗಳ ಭಾಷೆಯಲ್ಲಿ '450 ಕ್ಲಾಸ್'. ಒಂದೊಂದು ಬ್ಲೇಡೂ 325 ಮಿಲಿಮೀಟರ್. ಅವರು ಅದನ್ನು ಒಟ್ಟು ನಾಲ್ಕೇ ಸಲ ಹಾರಿಸಿದ್ದರಂತೆ. ನಾಲ್ಕನೇ ಸಲದ ಗುರುತು ಅವರ ಎಡಗೈ ತೋರುಬೆರಳಿನ ಮೇಲೆ ಮೂರು ಹೊಲಿಗೆಯಾಗಿ ಇನ್ನೂ ಇದೆ.

ನಾನು ಕೋಡು ಬರೆಯುವವನು. ಇಂಜಿನಿಯರಿಂಗ್ ಓದುವಾಗ ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದ್ದು ಬಿಟ್ಟರೆ ಯಂತ್ರಗಳ ಜೊತೆ ಹೆಚ್ಚು ಒಡನಾಟ ಇಲ್ಲ. ಆದರೂ ಡಬ್ಬ ಬಿಚ್ಚಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬಿತ್ತು. ರೋಟರ್ ತಲೆಯ ಮೇಲೆ, ಎರಡು ದೊಡ್ಡ ಬ್ಲೇಡುಗಳಿಗೆ ಅಡ್ಡಲಾಗಿ, ಒಂದು ಸಣ್ಣ ಉಕ್ಕಿನ ಕಡ್ಡಿ. ಅದರ ಎರಡೂ ತುದಿಗೆ ಪುಟ್ಟ ಹುಟ್ಟಿನಂಥ ಪ್ಲಾಸ್ಟಿಕ್ ರೆಕ್ಕೆಗಳು. ಈಗಿನ ಮಾದರಿಗಳಲ್ಲಿ ಇದು ಇರುವುದಿಲ್ಲ. ನಾನು ಕೂತು ಕೆಲಸ ಮಾಡುವ ರೂಮಿನ ಮೇಲೆ ದಿನಾ ಎಚ್.ಎ.ಎಲ್. ಕಡೆಯಿಂದ ಚೇತಕ್, ಧ್ರುವ್‌ಗಳು ಹಾರುತ್ತವೆ, ಅವುಗಳಿಗೂ ಇಲ್ಲ. ಹಾಗಾದರೆ ಈ ಕಡ್ಡಿ ಯಾಕೆ? ಯಾರು ಇಟ್ಟರು?

ಈ ಪ್ರಶ್ನೆಯ ಹಿಂದೆ ಹೋಗಿ ನಾನು ಬಹಳ ದೂರ ಹೋದೆ. ಪೆನ್ಸಿಲ್ವೇನಿಯಾದ ಒಂದು ಕೊಟ್ಟಿಗೆಯವರೆಗೆ!

ಆರ್ಥರ್ ಯಂಗ್ ಅನ್ನುವ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಗೊತ್ತಿಲ್ಲ. ನಾನಂತೂ ಕೇಳಿರಲಿಲ್ಲ. ಹೆಲಿಕಾಪ್ಟರ್ ಅಂದರೆ ಸಿಕೋರ್ಸ್ಕಿ ಅಂತ ಕ್ವಿಜ್‌ಗೆ ಓದಿಕೊಂಡಿದ್ದೆ, ಅಷ್ಟೇ. ಯಂಗ್ ಹುಟ್ಟಿದ್ದು 1905ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಅಮೆರಿಕದ ಚಿತ್ರಕಲಾವಿದ, ಮನೆ ಫಿಲಡೆಲ್ಫಿಯಾ ಹತ್ತಿರದ ರಾಡ್ನರ್. ಮಗ ಪ್ರಿನ್ಸ್‌ಟನ್‌ನಲ್ಲಿ ಗಣಿತ ಓದಿ 1927ರಲ್ಲಿ ಹೊರಗೆ ಬಂದ. ಅವನ ತಲೆಯಲ್ಲಿ ಇದ್ದದ್ದು ಹೆಲಿಕಾಪ್ಟರ್ ಅಲ್ಲ, ಫಿಲಾಸಫಿ. ಇಡೀ ವಿಶ್ವ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಸಿದ್ಧಾಂತ ಕಟ್ಟಬೇಕು ಅಂತ ಹೊರಟಿದ್ದ. ಆದರೆ ಬರೀ ಯೋಚನೆ ಮಾಡುತ್ತಾ ಕೂತರೆ ತಾನು ಸರಿಯೋ ತಪ್ಪೋ ಹೇಳುವವರು ಯಾರು? ಪ್ರಕೃತಿಯೇ "ತಪ್ಪು" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವಂಥ ಒಂದು ಕೆಲಸ ಬೇಕು ಅಂತ ಅವನಿಗೆ ಅನ್ನಿಸಿತು. ಹೀಗಾಗಿ ಯಾವುದಾದರೂ ಒಂದು ಕಷ್ಟದ ಯಂತ್ರ ಕಂಡುಹಿಡಿಯಬೇಕು ಅಂತ ಹುಡುಕಿ, 1928ರಲ್ಲಿ ಹೆಲಿಕಾಪ್ಟರನ್ನು ಆರಿಸಿಕೊಂಡ.

ನನಗೆ ಇಲ್ಲೇ ಮನುಷ್ಯ ಇಷ್ಟವಾಗಿಬಿಟ್ಟ. ನಮ್ಮ ಕಂಪೈಲರ್ ಕೂಡ ಹಾಗೆಯೇ ಅಲ್ಲವೇ? ಸುಳ್ಳು ಹೇಳಿದರೆ ಒಪ್ಪುವುದಿಲ್ಲ. ಆದರೆ ಕಂಪೈಲರ್ ಬೈದರೆ ಬೆರಳಿಗೆ ಹೊಲಿಗೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಗ ಹೆಲಿಕಾಪ್ಟರ್ ಹುಚ್ಚು ಯುರೋಪು, ಅಮೆರಿಕಗಳಲ್ಲಿ ಎಷ್ಟೋ ಜನಕ್ಕಿತ್ತು. ಹೆಚ್ಚಿನವರು ಮಾಡುತ್ತಿದ್ದದ್ದು ಒಂದೇ ಕೆಲಸ. ದುಡ್ಡು ಕೂಡಿಸುವುದು, ಮನುಷ್ಯ ಕೂರುವಷ್ಟು ದೊಡ್ಡ ಯಂತ್ರ ಕಟ್ಟುವುದು, ಅದು ಒಂದೆರಡು ಅಡಿ ಎದ್ದು ಮಗುಚಿ ಚೂರಾಗುವುದು, ದುಡ್ಡು ಮುಗಿಯುವುದು. ಯಂಗ್ ಹಾಗೆ ಮಾಡಲಿಲ್ಲ. ಆಟಿಕೆಯಷ್ಟು ಚಿಕ್ಕ ಮಾದರಿಗಳನ್ನು ಮಾಡಿದ. ಮೊದಲು ರಬ್ಬರ್ ಬ್ಯಾಂಡಿನಿಂದ ತಿರುಗುವವು, ಆಮೇಲೆ ಎಲೆಕ್ಟ್ರಿಕ್ ಮೋಟಾರಿನವು. ಮಾದರಿ ಬಿದ್ದರೆ ನಷ್ಟ ಕಡಿಮೆ, ಮತ್ತೆ ಜೋಡಿಸಿ ಮತ್ತೆ ಹಾರಿಸಬಹುದು. ಈಗ ನಾವು ದೊಡ್ಡದಾಗಿ ಹೆಸರಿಟ್ಟು ಟ್ರೈನಿಂಗ್ ಕೊಡುವ ಎಷ್ಟೋ 'ಮೆಥಡಾಲಜಿ'ಗಳನ್ನು ಈತ ಯಾವ ಹೆಸರೂ ಇಡದೆ ಮಾಡಿದ್ದ ಅಂತ ನನ್ನ ಅನಿಸಿಕೆ.

ಹಾಗಂತ ದಾರಿ ಸುಲಭವಾಗೇನೂ ಇರಲಿಲ್ಲ. ಮೊದಲ ವರ್ಷಗಳು ಪೂರ್ತಿ ಬೇರೆ ಒಂದು ಉಪಾಯದ ಹಿಂದೆ ಹೋದವು. ಜರ್ಮನಿಯ ಆಂಟನ್ ಫ್ಲೆಟ್ನರ್‌ನ ಪುಸ್ತಕದಲ್ಲಿ ಒಂದು ಗಾಳಿಯಂತ್ರದ ಚಿತ್ರ ಇತ್ತು. ದೊಡ್ಡ ರೆಕ್ಕೆಗಳ ಮೇಲೆಯೇ ಸಣ್ಣ ಸಣ್ಣ ಗಾಳಿಚಕ್ರಗಳು. ಯಂಗ್ ಅದನ್ನು ತಿರುವಿಹಾಕಿ ಯೋಚಿಸಿದ: ರೋಟರ್ ಬ್ಲೇಡುಗಳ ಮೇಲೆಯೇ ಸಣ್ಣ ಪ್ರೊಪೆಲರ್ ಇಟ್ಟರೆ ಅವೇ ದೊಡ್ಡ ಬ್ಲೇಡನ್ನು ಎಳೆದು ತಿರುಗಿಸುತ್ತವೆ, ಆಗ ದೇಹ ಉಲ್ಟಾ ತಿರುಗುವ ತಾಪತ್ರಯವೇ ಇಲ್ಲ! ಕಾಗದದ ಮೇಲೆ ಚೆಂದ. ಕೈಯಲ್ಲಿ ಮಾಡಿದರೆ ಮುರಿಯುವುದೇ ಹೆಚ್ಚು. ಸುಮಾರು ಹತ್ತು ವರ್ಷ ಹೀಗೆ ಹೋದ ಮೇಲೆ ಆ ಉಪಾಯವನ್ನೇ ಕೈಬಿಟ್ಟು, ಸಿಕೋರ್ಸ್ಕಿಯ ದಾರಿಗೆ ಬಂದ. ಅಂದರೆ ಮೇಲೆ ಒಂದೇ ರೋಟರ್, ದೇಹ ಉಲ್ಟಾ ತಿರುಗದಂತೆ ಬಾಲದಲ್ಲಿ ಒಂದು ಪುಟ್ಟ ರೋಟರ್.

ಹತ್ತು ವರ್ಷ. ಎರಡು ವಾರದ ಸ್ಪ್ರಿಂಟ್‌ನಲ್ಲಿ ಏನೂ ಆಗದಿದ್ದರೆ ನಮ್ಮಲ್ಲಿ ಮೀಟಿಂಗ್ ಕರೆಯುತ್ತಾರೆ.

ಈಗ ಸಮಸ್ಯೆಯ ಹೊಟ್ಟೆಗೆ ಬರೋಣ. ಬಹಳ ಜನಕ್ಕೆ (ನನಗೂ) ಒಂದು ತಪ್ಪು ಕಲ್ಪನೆ ಇರುತ್ತದೆ. ಹೆಲಿಕಾಪ್ಟರ್‌ನ ಭಾರ ಎಲ್ಲಾ ಕೆಳಗೆ ನೇತಾಡುತ್ತಿದೆ, ಮೇಲೆ ರೋಟರ್ ಹಿಡಿದುಕೊಂಡಿದೆ, ಅಂದಮೇಲೆ ಅದು ತೂಗುದೀಪದ ಹಾಗೆ ತಾನಾಗಿಯೇ ನೆಟ್ಟಗೆ ನಿಲ್ಲಬೇಕಲ್ಲವೇ? ನಿಲ್ಲುವುದಿಲ್ಲ! ತೂಗುದೀಪದ ಮೇಲೆ ಗಟ್ಟಿಯಾದ ತೊಲೆ ಇದೆ. ಇಲ್ಲಿ ಹಿಡಿದಿರುವ ಕೈಯೇ ಗಾಳಿಯಲ್ಲಿದೆ, ದೇಹ ವಾಲಿದರೆ ಅದೂ ವಾಲುತ್ತದೆ. ಗಾಳಿ ಒಂದು ಸಣ್ಣ ತಳ್ಳು ಕೊಟ್ಟರೆ ಯಂತ್ರ ಆ ಕಡೆ ಜಾರಲು ಶುರು ಮಾಡುತ್ತದೆ. ಜಾರಿದಾಗ ಎದುರುಗಾಳಿಗೆ ರೋಟರ್ ಹಿಂದಕ್ಕೆ ವಾಲುತ್ತದೆ. ಆಗ ಹಿಂದಕ್ಕೆ ಜಾರುತ್ತದೆ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ. ಮತ್ತೆ ಮುಂದಕ್ಕೆ, ಇನ್ನೂ ಜಾಸ್ತಿ. ಜಾತ್ರೆಯ ಉಯ್ಯಾಲೆಯ ಹಾಗೆ ಪ್ರತಿ ತೂಗಿಗೂ ಹೆಚ್ಚುತ್ತಾ ಹೋಗಿ ಕೊನೆಗೆ ಮಗುಚುತ್ತದೆ. ಯಂಗ್‌ನ ಮಾದರಿಗಳು ಬಿದ್ದದ್ದೂ ಹೀಗೆಯೇ.

ಪರಿಹಾರ ಬುಗುರಿಯಲ್ಲಿತ್ತು. ಜೋರಾಗಿ ತಿರುಗುವ ಬುಗುರಿಗೆ ಒಂದು ಹಠ ಇರುತ್ತದೆ. ತಾನು ಯಾವ ಸಮತಲದಲ್ಲಿ ತಿರುಗುತ್ತಿದ್ದೇನೋ ಅದನ್ನು ಬಿಡಲು ಒಪ್ಪುವುದಿಲ್ಲ. ಯಂಗ್ ಒಂದು ಕಡ್ಡಿ ತೆಗೆದುಕೊಂಡು ಅದರ ಎರಡು ತುದಿಗೂ ಭಾರ ಕಟ್ಟಿ, ರೋಟರ್ ಕಂಬಕ್ಕೆ ತಕ್ಕಡಿಯ ದಂಡದ ಹಾಗೆ ಸಡಿಲವಾಗಿ ಜೋಡಿಸಿದ. ಬ್ಲೇಡುಗಳಿಗೆ ಸರಿಯಾಗಿ ಅಡ್ಡಲಾಗಿ, ತೊಂಬತ್ತು ಡಿಗ್ರಿಯಲ್ಲಿ. ಕಂಬದ ಜೊತೆ ಕಡ್ಡಿಯೂ ತಿರುಗುತ್ತದೆ. ಯಂತ್ರದ ದೇಹ ವಾಲಿದರೂ ಕಡ್ಡಿ ತನ್ನ ಹಳೆಯ ಸಮತಲದಲ್ಲೇ ತಿರುಗುತ್ತಿರುತ್ತದೆ. ಕಡ್ಡಿಯಿಂದ ಬ್ಲೇಡಿಗೆ ಒಂದು ಸಣ್ಣ ಕೊಂಡಿ ಇದೆ. ಕಂಬಕ್ಕೂ ಕಡ್ಡಿಗೂ ಬಂದ ವ್ಯತ್ಯಾಸ ಆ ಕೊಂಡಿಯ ಮೂಲಕ ಬ್ಲೇಡಿನ ಓರೆಯನ್ನು ಬದಲಿಸುತ್ತದೆ, ಒಂದು ಪಕ್ಕದಲ್ಲಿ ಹೆಚ್ಚು, ಇನ್ನೊಂದು ಪಕ್ಕದಲ್ಲಿ ಕಡಿಮೆ. ರೋಟರ್ ಮತ್ತೆ ಕಡ್ಡಿಯ ಸಮತಲಕ್ಕೆ ಬರುತ್ತದೆ. ಅಂದರೆ ರೋಟರ್ ಈಗ ವಾಲುವ ದೇಹದ ಮಾತು ಕೇಳುವುದಿಲ್ಲ, ಹಠಮಾರಿ ಕಡ್ಡಿಯ ಮಾತು ಕೇಳುತ್ತದೆ!

ಸೆನ್ಸರ್ ಇಲ್ಲ, ಚಿಪ್ ಇಲ್ಲ, ಒಂದು ಸಾಲು ಕೋಡಿಲ್ಲ. ಆದರೂ ಇದು ಪೂರ್ತಿ ಫೀಡ್‌ಬ್ಯಾಕ್ ಕಂಟ್ರೋಲ್. ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ವಿಷಯದಲ್ಲಿ ನಾನು ಪಾಸಾದದ್ದು ಹೇಗೆ ಅನ್ನುವುದು ಬೇರೆ ಕಥೆ, ಆದರೆ ಅವತ್ತು ಅರ್ಥವಾಗದೆ ಇದ್ದದ್ದು ಈ ಕಡ್ಡಿ ನೋಡಿ ಅರ್ಥವಾಯಿತು.

ಯಂಗ್ ಆಗ ಪಾವೋಲಿ ಅನ್ನುವ ಊರಿನಲ್ಲಿ ಹಳೆಯ ಕೊಟ್ಟಿಗೆಯೊಂದನ್ನು ಕಾರ್ಯಾಗಾರ ಮಾಡಿಕೊಂಡಿದ್ದ. ಕಡ್ಡಿ ಕೂರಿಸಿದ ಮಾದರಿಗೆ ತಂತಿಯ ಮೂಲಕ ಕರೆಂಟು, ತಂತಿಯ ಮೂಲಕವೇ ನಿಯಂತ್ರಣ. ಅದು ಎಷ್ಟು ವಿಧೇಯವಾಯಿತೆಂದರೆ ಕೊಟ್ಟಿಗೆಯ ಬಾಗಿಲಿನಿಂದ ಹೊರಗೆ ಹಾರಿಸಿ, ಮತ್ತೆ ಬಾಗಿಲಿನಿಂದಲೇ ಒಳಗೆ ತರುತ್ತಿದ್ದ. ಈ ಒಂದು ವಾಕ್ಯ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಂದಿನ ರೇಡಿಯೋ, ಇಂದಿನ ಬ್ಯಾಟರಿ ಇಟ್ಟುಕೊಂಡು ನನಗೆ ಖಾಲಿ ಮೈದಾನದಲ್ಲಿ ಹತ್ತು ಸೆಕೆಂಡು ನಿಲ್ಲಿಸಲು ಬರುತ್ತಿಲ್ಲ!

1941ರ ಸೆಪ್ಟೆಂಬರ್‌ನಲ್ಲಿ ಯಂಗ್ ತನ್ನ ಮಾದರಿ ಹೊತ್ತು ಬಫಲೋ ನಗರದ ಬೆಲ್ ವಿಮಾನ ಕಾರ್ಖಾನೆಗೆ ಹೋದ. ಲ್ಯಾರಿ ಬೆಲ್ ಎದುರು ಕಾರ್ಖಾನೆಯೊಳಗೇ ಹಾರಿಸಿ ತೋರಿಸಿದ, ತಾನೇ ತೆಗೆದ ಒಂದು ಸಿನಿಮಾ ಕೂಡ ತೋರಿಸಿದ. ಬೆಲ್ ಒಪ್ಪಿದ. ಯಂಗ್ ತನ್ನ ಪೇಟೆಂಟುಗಳನ್ನು ಕೊಡಬೇಕು, ಕಂಪನಿ ಎರಡು ನಿಜವಾದ ಹೆಲಿಕಾಪ್ಟರ್ ಕಟ್ಟಬೇಕು. ಬಾಲ್ಯದ ಗೆಳೆಯ ಬಾರ್ಟ್ರಮ್ ಕೆಲ್ಲಿಯನ್ನು ಕರೆದುಕೊಂಡು ಯಂಗ್ ಬಫಲೋಗೆ ಬಂದ. 1942ರಲ್ಲಿ ಕಾರ್ಖಾನೆಯಿಂದ ದೂರ, ಗಾರ್ಡನ್‌ವಿಲ್ ಅನ್ನುವಲ್ಲಿ ಹಳೆಯ ಕಾರು ಮಾರುವ ಅಂಗಡಿಯೊಂದಕ್ಕೆ ತಂಡ ಹೋಯಿತು. ಅಲ್ಲಿ ಕಟ್ಟಿದ ಮೊದಲ ಯಂತ್ರಕ್ಕೆ ಇಟ್ಟ ಹೆಸರು 'ಜೆನೆವೀವ್'. 1942ರ ಡಿಸೆಂಬರ್ ಕೊನೆಯಲ್ಲಿ, ಹಗ್ಗ ಕಟ್ಟಿ, ಅದನ್ನು ಮೊದಲ ಬಾರಿ ನೆಲದಿಂದ ಎತ್ತಿದರು. 1944ರಲ್ಲಿ ಅದರ ತಂಗಿಯೊಂದನ್ನು ಬಫಲೋದ ದೊಡ್ಡ ಸೈನಿಕ ಸಭಾಂಗಣದ ಒಳಗೆ ಜನರ ಎದುರು ಹಾರಿಸಿದರು. ಕೊಟ್ಟಿಗೆಯ ಬಾಗಿಲಿನ ಆಟದ ದೊಡ್ಡ ರೂಪ.

ಅದರಿಂದ ಬಂದದ್ದೇ ಬೆಲ್ 47. ಗಾಜಿನ ಗುಂಡು ತಲೆ, ಹಿಂದೆ ಬರೀ ಪೈಪುಗಳ ಬಾಲ ಇರುವ ಹೆಲಿಕಾಪ್ಟರ್. ಹಳೆಯ ಇಂಗ್ಲಿಷ್ ಸಿನಿಮಾಗಳಲ್ಲಿ ನೀವು ಖಂಡಿತ ನೋಡಿರುತ್ತೀರಿ. 1946ರ ಮಾರ್ಚ್ 8ರಂದು ಅಮೆರಿಕ ಸರ್ಕಾರ ಸಾರ್ವಜನಿಕ ಬಳಕೆಗೆ ಪ್ರಮಾಣಪತ್ರ ಕೊಟ್ಟ ಮೊಟ್ಟಮೊದಲ ಹೆಲಿಕಾಪ್ಟರ್ ಅದು. 5,600ಕ್ಕೂ ಹೆಚ್ಚು ತಯಾರಾದವು. ಕೊರಿಯಾ ಯುದ್ಧದಲ್ಲಿ ಗಾಯಾಳುಗಳನ್ನು ಪಕ್ಕದ ಸ್ಟ್ರೆಚರಿಗೆ ಕಟ್ಟಿ ಆಸ್ಪತ್ರೆಗೆ ಸಾಗಿಸಿದ್ದು ಈ ಯಂತ್ರ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ 1984ರಲ್ಲಿ ಒಂದನ್ನು ಕಲಾಕೃತಿ ಅಂತಲೇ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಫೋಟೋ ಸಿಕ್ಕರೆ ರೋಟರ್ ತಲೆ ನೋಡಿ. ಬ್ಲೇಡುಗಳಿಗೆ ಅಡ್ಡಲಾಗಿ ಆ ಕಡ್ಡಿ, ತುದಿಯಲ್ಲಿ ಗುಂಡುಗಳು. ಕೊಟ್ಟಿಗೆಯಲ್ಲಿದ್ದ ಹಾಗೆಯೇ.

ಸರಿ, ನನ್ನ ಡಬ್ಬದ ಕಡ್ಡಿಗೆ ಗುಂಡಿನ ಬದಲು ಪುಟ್ಟ ರೆಕ್ಕೆ ಯಾಕಿದೆ? ಅದು ಇನ್ನೊಬ್ಬನ ಕಾಣಿಕೆ. ಸ್ಟ್ಯಾನ್ಲಿ ಹಿಲ್ಲರ್, ಕ್ಯಾಲಿಫೋರ್ನಿಯಾದವನು, ಹುಟ್ಟಿದ್ದು 1924. ಈತನೂ ಆಟಿಕೆಗಳಿಂದಲೇ ಬಂದವನು. ಇನ್ನೂ ಮೀಸೆ ಬರುವ ಮೊದಲೇ ಇಂಜಿನ್ ಇರುವ ಮಾದರಿ ರೇಸ್ ಕಾರು ಮಾಡಿ ಮಾರಿ ದುಡ್ಡು ಮಾಡಿದ್ದ. 1944ರಲ್ಲಿ ತನ್ನದೇ ಹೆಲಿಕಾಪ್ಟರ್ ಹಾರಿಸಿದಾಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. (ಇಂಥವರ ಬಗ್ಗೆ ಓದಿದಾಗೆಲ್ಲ ನನ್ನ ವಯಸ್ಸು ನೆನಪಾಗಿ ಬೇಜಾರಾಗುತ್ತದೆ.) ಆಮೇಲಿನ ಯಂತ್ರಗಳಲ್ಲಿ ಹಿಲ್ಲರ್ ಮಾಡಿದ್ದು ಇಷ್ಟು: ಕಡ್ಡಿಯ ತುದಿಯ ಭಾರವನ್ನೇ ಪುಟ್ಟ ರೆಕ್ಕೆ ಮಾಡಿದ. ಪೈಲಟ್ ಕೋಲು ಸರಿಸಿದರೆ ಓರೆಯಾಗುವುದು ಈ ಪುಟ್ಟ ರೆಕ್ಕೆಗಳು. ಅವು ಗಾಳಿಯಲ್ಲಿ ಹಾರುತ್ತಾ ಕಡ್ಡಿಯನ್ನು ವಾಲಿಸುತ್ತವೆ, ಕಡ್ಡಿ ದೊಡ್ಡ ಬ್ಲೇಡನ್ನು ತಿರುಚುತ್ತದೆ. ಅಂದರೆ ದೊಡ್ಡ ಬ್ಲೇಡಿನ ಜೊತೆ ಪೈಲಟ್ ಕುಸ್ತಿ ಮಾಡಬೇಕಿಲ್ಲ, ಗಾಳಿಯೇ ಆ ಕೆಲಸ ಮಾಡಿಕೊಡುತ್ತದೆ. ಈ ಪದ್ಧತಿಯ ಹಿಲ್ಲರ್ 360 ಯಂತ್ರಕ್ಕೆ 1948ರಲ್ಲಿ ಪ್ರಮಾಣಪತ್ರ ಸಿಕ್ಕಿತು.

ಮಾದರಿಯಿಂದ ಹುಟ್ಟಿದ ಹೆಲಿಕಾಪ್ಟರ್ ಮತ್ತೆ ಮಾದರಿಯಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. ವಿಚಿತ್ರ ಅನ್ನಿಸುತ್ತದೆ ಅಲ್ಲವಾ? ರೇಡಿಯೋ ಕಂಟ್ರೋಲ್ ವಿಮಾನಗಳು ಅಷ್ಟು ಹೊತ್ತಿಗೆ ಮಾಮೂಲಾಗಿದ್ದವು. ಆದರೆ ಹೆಲಿಕಾಪ್ಟರಿಗೆ ನಾಲ್ಕು ನಿಯಂತ್ರಣ ಒಟ್ಟಿಗೆ, ಅದೂ ಸ್ವಲ್ಪ ಸ್ವಲ್ಪವಾಗಿ, ಬೆರಳು ಸರಿದಷ್ಟೇ ಸರಿಯುವ ಹಾಗೆ ಬೇಕು. ಅಂಥ ರೇಡಿಯೋಗಳು ಹವ್ಯಾಸಿಗಳ ಕೈಗೆಟುಕಿದ್ದು 1960ರ ದಶಕದಲ್ಲಿ. ಆ ದಶಕದ ಕೊನೆಯಲ್ಲಿ ಜರ್ಮನಿಯ ಡೀಟರ್ ಶ್ಲೂಟರ್ ಇದರ ಹಿಂದೆ ಬಿದ್ದರು. 1970ರ ಜೂನ್‌ನಲ್ಲಿ ಅವರ ಮಾದರಿ ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ಹೊತ್ತಿನಲ್ಲಿ 11 ಕಿ.ಮೀ.ಗೂ ಹೆಚ್ಚು ದೂರ ಹಾರಿ ವಿಶ್ವದಾಖಲೆ ಮಾಡಿತು. ಆಮೇಲೆ ಅದರ ಕಿಟ್ ಮಾರುಕಟ್ಟೆಗೆ ಬಂತು, ಶ್ಲೂಟರ್ ಬರೆದ ಪುಸ್ತಕ ಬಂತು, ಹವ್ಯಾಸ ಹುಟ್ಟಿತು. ಆಗ ಬಾಲಕ್ಕೆ ಗೈರೋ ಕೂಡ ಇರಲಿಲ್ಲ. ಬಾಲ ಎತ್ತ ತಿರುಗುತ್ತದೋ ಅದಕ್ಕೆ ಉಲ್ಟಾ ಹೆಬ್ಬೆರಳು ಕ್ಷಣ ಬಿಡದೆ ಆಡುತ್ತಿರಬೇಕು. ಆ ತಲೆಮಾರಿನ ಹವ್ಯಾಸಿಗಳಿಗೆ ಒಂದು ಉದ್ದಂಡ ನಮಸ್ಕಾರ.

ಈ ಕಥೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ವಿಷಯ ಇಲ್ಲಿದೆ. ಶ್ಲೂಟರ್ ಆರಿಸಿಕೊಂಡದ್ದು ಬೆಲ್ ಕಂಪನಿಯದೇ ಹ್ಯೂಯಿ ಕೋಬ್ರಾ ಹೆಲಿಕಾಪ್ಟರಿನ ಆಕಾರ. ನಿಜವಾದ ಕೋಬ್ರಾ ಮೊದಲು ಹಾರಿದ್ದು 1965ರಲ್ಲಿ. ಅದಕ್ಕಿಂತ ಹಿಂದಿನ ಹ್ಯೂಯಿಯ ತಲೆ ಮೇಲೆ ಯಂಗ್‌ನ ಕಡ್ಡಿ ಇತ್ತು. ಕೋಬ್ರಾಗೆ ಬರುವಾಗ ಬೆಲ್ ಇಂಜಿನಿಯರುಗಳು ಕಡ್ಡಿ ಕಿತ್ತುಹಾಕಿ ಆ ಕೆಲಸಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆ ಇಟ್ಟರು! ಯಾಕೆಂದರೆ ಕಡ್ಡಿಯ ಹಠ ಎರಡೂ ಕಡೆ ಕತ್ತರಿಸುವ ಕತ್ತಿ. ಗಾಳಿಗೆ ಬಗ್ಗುವುದಿಲ್ಲ, ನಿಜ, ಪೈಲಟ್‌ನ ಕೈಗೂ ಬೇಗ ಬಗ್ಗುವುದಿಲ್ಲ. ಯುದ್ಧದ ಯಂತ್ರಕ್ಕೆ ಚುರುಕು ಬೇಕಿತ್ತು. ಆದರೆ ಅಂಥ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು 1970ರಲ್ಲಿ ಒಂದು ಆಟಿಕೆಯೊಳಗೆ ತುಂಬುವುದು ಆಗದ ಮಾತು. ಹೀಗಾಗಿ ದೊಡ್ಡ ಕೋಬ್ರಾ ಬಿಸಾಕಿದ ಕಡ್ಡಿಯನ್ನು ಪುಟ್ಟ ಕೋಬ್ರಾ ಮತ್ತೆ ತಲೆ ಮೇಲೆ ಇಟ್ಟುಕೊಂಡಿತು. ಮುಂದೆ ಸುಮಾರು ನಲವತ್ತು ವರ್ಷ ಮಾದರಿಗಳ ತಲೆಯ ಮೇಲೆ ಅದು ಉಳಿಯಿತು. ಯಂಗ್‌ನ ಹಠ, ಹಿಲ್ಲರ್‌ನ ರೆಕ್ಕೆ ಎರಡನ್ನೂ ಬೆರೆಸಿ. 2000ದ ದಶಕದ ಕೊನೆಗೆ ಅಕ್ಕಿ ಕಾಳಿನಷ್ಟು ಗೈರೋ ಚಿಪ್‌ಗಳು ಅಗ್ಗವಾದವು, ಆಗ ಮಾದರಿಗಳಲ್ಲೂ ಕಡ್ಡಿ ಹೋಯಿತು. ನನ್ನ ಡಬ್ಬದಲ್ಲಿದ್ದದ್ದು ಆ ವಂಶದ ಕೊನೆಯ ಮೊಮ್ಮಕ್ಕಳಲ್ಲಿ ಒಂದು.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಹಾರಿಸದೆ ಬಿಡುವುದು ಹೇಗೆ?

ಹೊಸ ಬ್ಯಾಟರಿ ತಂದೆ. ಗೇರಿನ ಹಲ್ಲುಗಳ ನಡುವೆ ಕಾಗದದ ಪಟ್ಟಿ ಇಟ್ಟು ಸಂದು ಸರಿ ಮಾಡಿದೆ. ಸ್ವಾಶ್ ಪ್ಲೇಟ್ ಮಟ್ಟ ಮಾಡಿದೆ, ಕೋಲು ನಡುವೆ ಇದ್ದಾಗ ಬ್ಲೇಡಿನ ಓರೆ ಸೊನ್ನೆ ಬರುವ ಹಾಗೆ ಕೊಂಡಿಗಳನ್ನು ತಿರುಗಿಸಿದೆ. ಕಡ್ಡಿಯ ಎರಡೂ ಕಡೆ ಉದ್ದ ಸಮ ಇದೆಯೇ ಅಂತ ಅಳೆದೆ, ಎರಡು ಪುಟ್ಟ ರೆಕ್ಕೆಗಳೂ ಒಂದೇ ಮಟ್ಟದಲ್ಲಿವೆಯೇ ಅಂತ ಕಣ್ಣು ಮುಚ್ಚಿ ತೆರೆದು ನೋಡಿದೆ. ಬ್ಲೇಡುಗಳನ್ನು ಹಿಂದೆ ಮುಂದೆ ಚಾಚಿಸಿ, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಇಡೀ ಹೆಲಿಕಾಪ್ಟರನ್ನು ಎತ್ತಿ, ಮೂಗು ಕೆಳಗೆ ಹೋಗದ ಹಾಗೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿದೆ. ಆಮೇಲೆ ಬ್ಲೇಡುಗಳ ತೂಕ.

ಇಲ್ಲಿ ಸ್ವಲ್ಪ ಲೆಕ್ಕ. ಈ ಗಾತ್ರದ ರೋಟರ್ ನಿಮಿಷಕ್ಕೆ 2,500 ಸುತ್ತು ತಿರುಗಿದರೆ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 335 ಕಿ.ಮೀ. ಒಂದು ಬ್ಲೇಡಿನ ತುದಿಯಲ್ಲಿ ಬರೀ 0.2 ಗ್ರಾಂ ಹೆಚ್ಚಿದ್ದರೆ, ಅಂದರೆ ಒಂದು ಏಳು ಸೆಂಟಿಮೀಟರ್ ಇನ್ಸುಲೇಷನ್ ಟೇಪು ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಹತ್ತಿರ ಹತ್ತಿರ ಅರ್ಧ ಕೆ.ಜಿ. ಬಲದಿಂದ ಹೊರಕ್ಕೆ ಎಳೆಯುತ್ತದೆ. ಇಡೀ ಯಂತ್ರದ ತೂಕ ಮುಕ್ಕಾಲು ಕೆ.ಜಿ.! ಸೆಕೆಂಡಿಗೆ ನಲವತ್ತು ಸಲ, ಸುತ್ತ ಎಲ್ಲ ದಿಕ್ಕಿಗೂ ಯಾರೋ ಅರ್ಧ ಕೆ.ಜಿ. ಬಲದಿಂದ ಜಗ್ಗಿದ ಹಾಗೆ. ಹಿರಿಯರ ಬೆರಳಿನ ಹೊಲಿಗೆ ನೆನಪಾಯಿತು.

ಎರಡು ಬ್ಲೇಡನ್ನೂ ಒಂದೇ ಬೋಲ್ಟಿಗೆ ಎದುರುಬದುರಾಗಿ ಬಿಗಿದು, ಆ ಬೋಲ್ಟನ್ನು ಎರಡು ಗಾಜಿನ ಲೋಟದ ಅಂಚಿನ ಮೇಲೆ ಅಡ್ಡ ಇಟ್ಟರೆ ಅದೇ ತಕ್ಕಡಿ. ಹಗುರ ಬ್ಲೇಡು ಮೇಲೆ ಏಳುತ್ತದೆ, ಅದಕ್ಕೆ ಟೇಪು ಸುತ್ತಬೇಕು. ಕಿಟಕಿ ಕಡೆಯ ಬ್ಲೇಡು ಕೆಳಗೆ ಬಂತು. ಇನ್ನೊಂದಕ್ಕೆ ಟೇಪು ಸುತ್ತಿದೆ. ಸಮ ಆಯಿತು. ಭಾನುವಾರ ಬೆಳಿಗ್ಗೆ ಊರ ಹೊರಗಿನ ಒಂದು ಖಾಲಿ ಬಯಲಿಗೆ ಹೋಗಿ ದೂರ ನಿಂತು ಚಾಲೂ ಮಾಡಿದೆ. ಜ್ವರ ಬಂದವರ ಹಾಗೆ ನಡುಗಲು ಶುರು ಮಾಡಿತು. ಬಾಲದ ತುದಿ ಎರಡಾಗಿ ಕಾಣುವಷ್ಟು. ನಿಲ್ಲಿಸಿದೆ. ಮನೆಗೆ ಬಂದು ಇನ್ನಷ್ಟು ಟೇಪು. ಮುಂದಿನ ವಾರ ಇನ್ನೂ ಜಾಸ್ತಿ ನಡುಕ. ಮೂರನೇ ವಾರ ನೆಲದ ಮೇಲೆ ಕುಣಿದು ಕುಣಿದು ಪಕ್ಕಕ್ಕೆ ಮಗುಚಿ, ಒಂದು ಜೊತೆ ಬ್ಲೇಡು ಕಥೆ ಮುಗಿಯಿತು. ಕಡ್ಡಿ ಬಗ್ಗಿತು. ಹೊಸದು ತರಿಸಿ ಹಾಕಿದೆ. ಮತ್ತೆ ಅದೇ ನಡುಕ.

ಆ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪನದು ಅರಸೀಕೆರೆಯಲ್ಲಿ ಕಿರಾಣಿ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿ ಬರುವ ಮುಂಚೆ ಇಪ್ಪತ್ತು ವರ್ಷ ಕೈತಕ್ಕಡಿ ಹಿಡಿದವರು. ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೋ, ತಕ್ಕಡಿಗೆ ಪಾಸಂಗ ಇದೆಯೇನೋ ನೋಡಿದ್ಯಾ?" ಅಂದರು.

"ಪಾಸಂಗ ಎಲ್ಲಿಂದ ಬರುತ್ತಪ್ಪಾ, ಅದು ಬರೀ ಎರಡು ಲೋಟ."

"ಲೋಟಾನೋ ಬಂಗಾರದ ತಕ್ಕಡಿನೋ, ಸಾಮಾನನ್ನ ಆ ತಟ್ಟೆಯಿಂದ ಈ ತಟ್ಟೆಗೆ ಬದಲಾಯಿಸಿ ನೋಡು. ವಾಲೋದು ಸಾಮಾನಿನ ಜೊತೆ ಹೋದ್ರೆ ಸಾಮಾನು ಭಾರ. ಅಲ್ಲೇ ಉಳಿದ್ರೆ ತಕ್ಕಡೀದೇ ತಪ್ಪು. ಇಂಜಿನಿಯರಿಂಗ್‌ನಲ್ಲಿ ಇದನ್ನ ಹೇಳ್ಕೊಡಲ್ವಾ?"

ಹೇಳಿಕೊಟ್ಟಿರಬಹುದು, ನಾನು ಕೇಳಿಸಿಕೊಂಡಿರಲಿಲ್ಲ. ಟೇಪೆಲ್ಲ ಕಿತ್ತು, ಬ್ಲೇಡುಗಳನ್ನು ಬೋಲ್ಟಿನ ಸಮೇತ ಅರ್ಧ ಸುತ್ತು ತಿರುಗಿಸಿ ಇಟ್ಟೆ. ಮತ್ತೆ ಕಿಟಕಿ ಕಡೆಯದ್ದೇ ಕೆಳಗೆ ಬಂತು! ನನ್ನ ಬಾಡಿಗೆ ರೂಮಿನ ಮೇಜು ಕಿಟಕಿ ಕಡೆಗೆ ಇಳಿಜಾರು. ಬೋಲ್ಟು ಲೋಟದ ಅಂಚಿನ ಮೇಲೆ ಆ ಕಡೆಗೆ ಉರುಳುತ್ತಿತ್ತು. ಮೂರು ವಾರ ನಾನು ತೂಗಿದ್ದು ಬ್ಲೇಡನ್ನಲ್ಲ, ಮೇಜನ್ನು.

ಒಂದು ಕಾಲಿಗೆ ಹಳೆಯ ಎ.ಟಿ.ಎಂ. ಕಾರ್ಡು ಕೊಟ್ಟು ಮೇಜು ಮಟ್ಟ ಮಾಡಿದೆ. ಮತ್ತೆ ತೂಗಿದೆ. ಈ ಸಲ ತಿರುಗಿಸಿಟ್ಟಾಗ ವಾಲುವುದೂ ತಿರುಗಿತು. ಬೇಕಾದದ್ದು ಎರಡು ಸೆಂಟಿಮೀಟರ್ ಟೇಪು, ಅಷ್ಟೇ.

ಒಂದು ಕೆಲಸ ಇನ್ನೂ ಬಾಕಿ ಇತ್ತು. ತೂಕ ಸಮ ಇದ್ದರೂ ಎರಡು ಬ್ಲೇಡುಗಳ ಓರೆ ಕೂದಲೆಳೆಯಷ್ಟು ಬೇರೆ ಇದ್ದರೆ ಒಂದು ಮೇಲೆ, ಒಂದು ಕೆಳಗೆ ಹಾರುತ್ತದೆ. ಇದಕ್ಕೆ ಟ್ರ್ಯಾಕಿಂಗ್ ಅನ್ನುತ್ತಾರೆ. ಒಂದು ಬ್ಲೇಡಿನ ತುದಿಗೆ ಬಣ್ಣದ ಟೇಪು ಅಂಟಿಸಿ, ತಿರುಗುವಾಗ ದೂರದಿಂದ ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಯಾವುದು ಮೇಲೆ ಅಂತ ಗೊತ್ತಾಗುತ್ತದೆ. ಬೆಲ್ 47ರ ಕಾಲದಲ್ಲಿ ದೊಡ್ಡ ಹೆಲಿಕಾಪ್ಟರುಗಳಿಗೆ ಇದನ್ನು ಹೇಗೆ ಮಾಡುತ್ತಿದ್ದರು ಗೊತ್ತೇ? ಒಂದೊಂದು ಬ್ಲೇಡಿನ ತುದಿಗೂ ಒಂದೊಂದು ಬಣ್ಣ ಹಚ್ಚುವುದು. ಒಬ್ಬ ಮೆಕ್ಯಾನಿಕ್ ಉದ್ದನೆಯ ಕೋಲಿಗೆ ಬಿಳಿ ಬಟ್ಟೆಯ ಬಾವುಟ ಕಟ್ಟಿಕೊಂಡು ತಿರುಗುತ್ತಿರುವ ರೋಟರ್ ಹತ್ತಿರ ಹೋಗಿ, ಬ್ಲೇಡಿನ ತುದಿ ಬಟ್ಟೆಗೆ ಸವರುವ ಹಾಗೆ ನಿಧಾನವಾಗಿ ವಾಲಿಸುವುದು. ಬಟ್ಟೆಯ ಮೇಲೆ ಎರಡು ಬಣ್ಣದ ಗೀಟು ಒಂದೇ ಎತ್ತರದಲ್ಲಿ ಬಿದ್ದರೆ ಸರಿ. ಆ ಮೆಕ್ಯಾನಿಕ್‌ಗಳ ಎದೆಗಾರಿಕೆ ನನಗೆ ಬೇಡ, ನಾನು ಇಪ್ಪತ್ತು ಅಡಿ ದೂರದಿಂದ ಕನ್ನಡಕ ಒರೆಸಿಕೊಂಡು ನೋಡಿದೆ. ಕೆಂಪು ಟೇಪು ಸ್ವಲ್ಪ ಮೇಲಿತ್ತು. ಕೊಂಡಿ ಒಂದು ಸುತ್ತು ತಿರುಗಿಸಿದೆ. ಎರಡು ಗೆರೆ ಒಂದಾಯಿತು.

ಯಂಗ್ ಕಥೆ ಮುಗಿಸಿಬಿಡುತ್ತೇನೆ. 1945ರಲ್ಲಿ ಅಣುಬಾಂಬ್ ಬಿತ್ತು. ಯಂತ್ರಗಳು ಇಷ್ಟು ಮುಂದೆ ಹೋದವು, ಮನುಷ್ಯನ ಮನಸ್ಸು ಎಲ್ಲಿದೆ ಅನ್ನುವ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. ತನ್ನ ನೋಟ್‌ಪುಸ್ತಕದಲ್ಲಿ 'ಸೈಕಾಪ್ಟರ್' ಅಂತ ಒಂದು ಪದ ಹುಟ್ಟಿಸಿಕೊಂಡಿದ್ದ, ರೆಕ್ಕೆ ಬಂದ ಆತ್ಮ ಅನ್ನುವ ಅರ್ಥದಲ್ಲಿ. ಹೆಲಿಕಾಪ್ಟರ್ ಅದರ ನೆರಳು ಮಾತ್ರವಂತೆ. ಬೆಲ್ 47 ಮಾರಾಟವಾಗಲು ಶುರುವಾಗಿ ಇನ್ನೂ ಎರಡು ವರ್ಷ ಆಗಿರಲಿಲ್ಲ, 1947ರಲ್ಲಿ ಕಂಪನಿ ಬಿಟ್ಟ. ಆಮೇಲೆ ಬರ್ಕ್ಲಿಯಲ್ಲಿ ಪ್ರಜ್ಞೆಯ ಅಧ್ಯಯನಕ್ಕೆ ಒಂದು ಸಂಸ್ಥೆ ಕಟ್ಟಿದ, 1976ರಲ್ಲಿ 'ದ ರಿಫ್ಲೆಕ್ಸಿವ್ ಯೂನಿವರ್ಸ್' ಅನ್ನುವ ಪುಸ್ತಕ ಬರೆದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಹುಡುಕಲು ಹೊರಟಿದ್ದ ಸಿದ್ಧಾಂತ, ಎಪ್ಪತ್ತರಲ್ಲಿ. ಜ್ಯೋತಿಷ್ಯದಲ್ಲೂ ಆಸಕ್ತಿ ಇತ್ತು. ಆ ಪುಸ್ತಕದ ಫಿಲಾಸಫಿ ನನಗೆ ಅಷ್ಟಾಗಿ ಹತ್ತಲಿಲ್ಲ, ಅರ್ಧಕ್ಕೆ ಬಿಟ್ಟೆ. ಅಲ್ಲಿ "ತಪ್ಪು" ಅಂತ ಮುಖಕ್ಕೆ ಹೊಡೆಯಲು ಯಾವ ಮಾದರಿಯೂ ಬೀಳುವುದಿಲ್ಲವಲ್ಲ ಅನ್ನುವುದು ನನ್ನ ತಕರಾರು. 1995ರಲ್ಲಿ ತೀರಿಕೊಂಡ.

ಕಳೆದ ಭಾನುವಾರ ಆರೂವರೆಗೆ ಬಯಲಿಗೆ ಹೋದೆ. ಗಾಳಿ ಇರಲಿಲ್ಲ. ರೂಮ್‌ಮೇಟ್ ನಿದ್ದೆಗಣ್ಣಲ್ಲೇ ಮೊಬೈಲ್ ಹಿಡಿದು ನಿಂತ. ಸುತ್ತು ಏರಿತು, ನಡುಕ ಬರಲಿಲ್ಲ. ಕೋಲು ಮೆಲ್ಲಗೆ ಮೇಲಕ್ಕೆ. ಹೆಲಿಕಾಪ್ಟರ್ ಹುಲ್ಲು ಬಿಟ್ಟು ಮೇಲೆದ್ದು ಮೊಣಕಾಲಿನ ಎತ್ತರದಲ್ಲಿ ನಿಂತಿತು. ಸ್ವಲ್ಪ ಎಡಕ್ಕೆ ಜಾರಿತು, ತಂದೆ. ಮುಂದಕ್ಕೆ ಹೋಯಿತು, ತಂದೆ. ಬೆವರಿನಲ್ಲಿ ಹೆಬ್ಬೆರಳು ಜಾರುತ್ತಿತ್ತು. ಬೆಳಕಿಗೆ ಎದುರಾಗಿ ನೋಡಿದರೆ ದೊಡ್ಡ ತಟ್ಟೆಯ ಮೇಲೆ ಕಡ್ಡಿಯ ಸಣ್ಣ ತಟ್ಟೆ ಒಂದು ಕಾಣುತ್ತಿತ್ತು, ದೇಹ ಅಲುಗಿದರೂ ಅಲುಗದೆ. ಮೂವತ್ತೆಂಟು ಸೆಕೆಂಡು. ಇಳಿಸಿದಾಗ ಒಂದು ಕಾಲು ಕಲ್ಲಿಗೆ ತಾಗಿ ಸ್ಕಿಡ್ ಮುರಿಯಿತು, ಇರಲಿ.

ವಿಡಿಯೋ ಹಿರಿಯರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಬಾಲ ಇನ್ನೂ ಸ್ವಲ್ಪ ಎಡಕ್ಕೆ ಎಳೀತಿದೆ, ನೋಡ್ಕೋ."